ಷಡ್ಡಕನ ಎಂಟುನೂರು

ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಕೇಳುವ ಮೊದಲ ಪ್ರಶ್ನೆ ಈಚೆಗೆ ಬದಲಾಗಿತ್ತು. ಮುಂಚೆ ಮಕ್ಕಳ ಕೆಮ್ಮು ವಿಚಾರಿಸುತ್ತಿದ್ದರು. ಈಗ ತಟ್ಟೆ ಇಡುವ ಮೊದಲೇ, "ಈ ವಾರ ಎಷ್ಟು ಬಂತು?" ಎನ್ನುತ್ತಿದ್ದರು.

"ಎಂಟುನೂರ ಇಪ್ಪತ್ತು, ಅತ್ತೆ," ಎಂದ ಚಿಕ್ಕಳಿಯ.

"ನಿಮಗೆ?"

"ನಲವತ್ತೊಂದು," ಎಂದ ದೊಡ್ಡಳಿಯ.

ಅತ್ತೆಯ ಸೌಟು ಮೊದಲು ಚಿಕ್ಕಳಿಯನ ತಟ್ಟೆಯ ಕಡೆ ಹೋಯಿತು.

ಇಬ್ಬರದೂ ಒಂದೇ ಕೆಲಸ, ಒಂದೇ ಆಫೀಸು. ಮೊಬೈಲ್ ಕಂಪನಿಯೊಂದು ಊರಿಗೆಲ್ಲ ಫೈವ್-ಜಿ ಕೊಟ್ಟಿದ್ದೇನೆ ಎಂದು ಗೋಡೆಗೋಡೆಗೂ ಜಾಹೀರಾತು ಅಂಟಿಸಿತ್ತು. ಜಾಹೀರಾತಿನಲ್ಲಿ ಸೆಕೆಂಡಿಗೆ ಸಾವಿರ ಮೆಗಾಬಿಟ್. ಬೀದಿಯಲ್ಲಿ ನಿಂತವನಿಗೆ ನಿಜವಾಗಿ ಎಷ್ಟು ಸಿಗುತ್ತದೆ ಎಂದು ಅಳೆಯುವುದು ಇವರ ಕೆಲಸ. ಎದೆಗೆ ಪಟ್ಟಿ ಕಟ್ಟಿ, ಪಟ್ಟಿಗೆ ಅಳತೆಯ ಫೋನು ಸಿಕ್ಕಿಸಿ, ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ನಡಿಗೆಯಲ್ಲಿ ನಡೆಯಬೇಕು. ಫೋನು ದೊಡ್ಡದೊಂದು ಫೈಲನ್ನು ಎಡೆಬಿಡದೆ ಎಳೆದುಕೊಳ್ಳುತ್ತ, ಎಷ್ಟು ಬೇಗ ಬಂತು ಎಂದು ಲೆಕ್ಕ ಹಾಕುತ್ತದೆ. ಬಂದ ಸಂಖ್ಯೆ ಬೀದಿಯದು, ನಡೆದವನದಲ್ಲ. ಇದನ್ನು ದೊಡ್ಡಳಿಯ ಅತ್ತೆಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ.

"ಅದು ನನ್ನ ನಂಬರಲ್ಲ ಅತ್ತೆ, ಬೀದೀದು. ಹಳೇ ಪೇಟೇಲಿ ಗೋಡೆ ದಪ್ಪ, ಟವರ್ ದೂರ. ಅಲ್ಲಿ ಯಾರು ಹೋದ್ರೂ ಅಷ್ಟೇ ಬರೋದು."

"ಇರ್ಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ," ಎನ್ನುತ್ತಿದ್ದರು ಅತ್ತೆ. "ಮುಂದಿನ ವಾರ ಜಾಸ್ತಿ ತಂದ್ರಾಯ್ತು."

ತನ್ನ ಷಡ್ಡಕನಾದ ಚಿಕ್ಕಳಿಯನನ್ನು ಈ ಕೆಲಸಕ್ಕೆ ಸೇರಿಸಿದ್ದೇ ದೊಡ್ಡಳಿಯ. ನಾದಿನಿಯ ಮದುವೆಯಾದ ಹೊಸದರಲ್ಲಿ ಅವನಿಗೆ ಕೆಲಸವಿರಲಿಲ್ಲ. "ಭಾವ, ಇವರಿಗೆ ಎಲ್ಲಾದ್ರೂ ಒಂದು ದಾರಿ ಮಾಡಿ" ಎಂದು ನಾದಿನಿ ಕೇಳಿಕೊಂಡಾಗ ಇವನೇ ಆಫೀಸಿನ ಮೇಡಂ ಹತ್ತಿರ ಮಾತಾಡಿದ್ದ, ಇವನೇ ಫೋನು ಹಿಡಿಯುವುದನ್ನು ಕಲಿಸಿದ್ದ. ಬೀದಿಗಳನ್ನು ಹಂಚಿದವನೂ ಇವನೇ. ಹಳೇ ಪೇಟೆ ಮನೆಗೆ ಹತ್ತಿರ, ನೆರಳಿದೆ, ಹೆಜ್ಜೆಗೊಂದು ಚಹಾದಂಗಡಿ ಇದೆ ಎಂದು ತಾನಿಟ್ಟುಕೊಂಡ. ಊರಾಚೆಯ ಹೊಸ ಬಡಾವಣೆ ಬರೀ ಧೂಳು, ಉದ್ದುದ್ದ ರಸ್ತೆ, ನೆರಳಿಗೆ ಒಂದು ಮರವಿಲ್ಲ. ಅದನ್ನು ಷಡ್ಡಕನ ತಲೆಗೆ ಕಟ್ಟಿದ. ಆಮೇಲೆ ಕಂಪನಿಯವರು ತಮ್ಮ ಹೊಸ ಆಂಟೆನಾಗಳನ್ನೆಲ್ಲ ತಂದು ಆ ಬಡಾವಣೆಯ ದೀಪದ ಕಂಬಗಳಿಗೇ ಕಟ್ಟಿದರು. ಹಳೇ ಪೇಟೆಯಲ್ಲಿ ಫೋನಿನ ಮೂಲೆಯಲ್ಲಿ ಫೈವ್-ಜಿ ಎಂದು ಬರೆದಿರುತ್ತದೆ, ಮನೆಯೊಳಗಿಂದ ಒಂದು ಫೋಟೋ ಕಳಿಸಬೇಕೆಂದರೆ ಮಹಡಿ ಹತ್ತಬೇಕು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಆ ತಿಂಗಳು ಮೇಡಂ ಇಬ್ಬರನ್ನೂ ಕರೆದು, ಹೊಸಬರನ್ನು ಸೇರಿಸಿಕೊಳ್ಳುತ್ತೇವೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಟೀಮ್ ಲೀಡರ್ ಮಾಡುತ್ತೇನೆ ಎಂದಿದ್ದರು. ಲೀಡರಿಗೆ ನಡಿಗೆಯಿಲ್ಲ. ಆಫೀಸಿನಲ್ಲಿ ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು. ದೊಡ್ಡಳಿಯನ ಬಲ ಹಿಮ್ಮಡಿ ಎರಡು ವರ್ಷದಿಂದ ನೋಯುತ್ತಿತ್ತು. ಬೆಳಗ್ಗೆ ಮಂಚದಿಂದ ಇಳಿದರೆ ಮೊದಲ ಹೆಜ್ಜೆಗೇ ಜೀವ ಹೋಗುತ್ತಿತ್ತು. ಆ ಕುರ್ಚಿ ಅವನಿಗೆ ಬೇಕಿತ್ತು. ಅಷ್ಟೇ ಆಗಿದ್ದರೆ ಬೇಡಿ ಪಡೆಯುತ್ತಿದ್ದನೋ ಏನೋ. ಷಡ್ಡಕನಿಗೆ ಅದು ಸಿಕ್ಕಿಬಿಟ್ಟೀತು ಎನ್ನುವುದು ಹಿಮ್ಮಡಿಗಿಂತ ಹೆಚ್ಚು ನೋಯುತ್ತಿತ್ತು.

ಹೆಂಡತಿ ಸುಮ್ಮನಿರುವವಳಲ್ಲ. ಬಟ್ಟೆ ಮಡಿಚುತ್ತ, "ಕೆಲಸ ಕೊಡ್ಸಿದ್ದು ನೀವು, ಹೆಸರು ಮಾತ್ರ ಅವರದು," ಎಂದಳು. "ನಮ್ಮ ತಂಗಿ ಈಗ ಫೋನ್ ಮಾಡಿದ್ರೆ ಅಕ್ಕಾ ಅನ್ನೋ ರಾಗಾನೇ ಬೇರೆ. ಎಂಟುನೂರರ ಹೆಂಡ್ತಿ, ಕೇಳ್ಬೇಕಾ!"

"ಎಂಟುನೂರು ಸುಳ್ಳು ಕಣೇ."

"ಸುಳ್ಳಾ?"

"ಬೀದಿ ನಡಿಗೇಲಿ ಅಷ್ಟು ಬರೋದು ನಾನಂತೂ ನೋಡಿಲ್ಲ. ಕಂಬದ ಬುಡದಲ್ಲಿ ನಿಂತ್ಕೊಂಡು ಅಳೀತಾನೆ ಅವನು. ಕಂಬ ಬಿಟ್ಟು ಅಲ್ಲಾಡಲ್ಲ."

ಬಾಯಿಂದ ಹೊರಗೆ ಬರುವವರೆಗೆ ಅದು ಅವನಿಗೇ ಹೊಳೆದಿರಲಿಲ್ಲ. ಹೇಳಿದ ಮೇಲೆ ನಿಜವೇ ಎನಿಸಿತು.

ಬುಧವಾರ ಅವನಿಗೆ ರಜೆ. ಹೆಗಲಿಗೆ ಚೀಲ ಹಾಕಿ, ಚೀಲದೊಳಗೆ ತನ್ನ ಅಳತೆಯ ಫೋನಿಟ್ಟುಕೊಂಡು, ಹೊಸ ಬಡಾವಣೆಯ ಬಸ್ಸು ಹತ್ತಿದ. ಷಡ್ಡಕ ದಿನವೂ ಅಳೆಯುವ ಬೀದಿ ಅವನಿಗೆ ಗೊತ್ತಿತ್ತು. ಅಲ್ಲಿ ಮರೆಗೆ ನಿಲ್ಲಲು ಒಂದು ಚಪ್ಪಲಿ-ಶೂ ಅಂಗಡಿ ಬಿಟ್ಟರೆ ಬೇರೇನಿರಲಿಲ್ಲ. ಒಳಗೆ ಹೋಗಿ, ಬೀದಿ ಕಾಣುವಂತೆ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತ.

ಅಂಗಡಿಯ ಹುಡುಗಿ ಒಂದು ಡಬ್ಬಿ ತಂದು ಬಿಚ್ಚಿದಳು. ಅವನು ಕಾಲು ಕೊಟ್ಟ, ಕಣ್ಣು ಬೀದಿಯಲ್ಲೇ ಇತ್ತು.

"ಹೇಗಿದೆ ಸಾರ್?"

"ಚೆನ್ನಾಗಿದೆ."

"ನಾನಿನ್ನೂ ಹಾಕಿಲ್ಲ ಸಾರ್."

ಅಷ್ಟರಲ್ಲಿ ಷಡ್ಡಕ ಬಂದ. ಎದೆಗೆ ಪಟ್ಟಿ, ತಲೆಗೆ ಟೋಪಿ, ಬೆವರು ಹರಿಯುತ್ತಿದ್ದ ಮುಖ. ಮೊದಲ ಕಂಬ ಬಂತು, ನಿಲ್ಲಲಿಲ್ಲ. ಎರಡನೆಯದು ಬಂತು, ಅಲ್ಲೂ ನಿಲ್ಲಲಿಲ್ಲ. ಕಲಿಸಿಕೊಟ್ಟ ಹಾಗೆಯೇ, ಹೆಣದ ಹಿಂದೆ ಹೋಗುವವನಂತೆ ಒಂದೇ ಸಮನೆ ನಡೆಯುತ್ತಿದ್ದ. ದೊಡ್ಡಳಿಯನಿಗೆ ನಿರಾಸೆಯಾಯಿತು. ಹೀಗೆ ನಡೆದೂ ಎಂಟುನೂರು ಹೇಗೆ ಬರುತ್ತದೆ? ನೋಡಿಯೇ ಬಿಡೋಣವೆಂದು ಚೀಲದಿಂದ ಫೋನು ತೆಗೆದು ಅಳತೆ ಶುರುಮಾಡಿದ.

ಮುನ್ನೂರ ತೊಂಬತ್ತು.

ಇನ್ನೊಂದು ಸಲ ಮಾಡಿದ. ನಾನೂರು ದಾಟಲು ಒದ್ದಾಡಿ ನಿಂತಿತು. ಇನ್ನೊಂದು ಸಲವೂ ಹಾಗೆಯೇ. ಅವನ ಬಾಯಿ ಕಿವಿಯವರೆಗೆ ಹೋಯಿತು. ಬೀದಿ ಕೊಡುವುದೇ ನಾನೂರು, ಇವನು ಬರೆಯುವುದು ಎಂಟುನೂರು! ಹೊರಗೆ ನೋಡಿದರೆ ಷಡ್ಡಕ ಬೀದಿಯ ನಡುವೆ ನಿಂತು ತನ್ನ ಫೋನನ್ನು ದಿಟ್ಟಿಸುತ್ತಿದ್ದ. ಅದನ್ನು ಆರಿಸಿ ಹಚ್ಚಿದ. ವಾಪಸು ಬಂದು ಮತ್ತೆ ನಡೆದ. ಮತ್ತೆ ನಿಂತು ತಲೆ ಕೆರೆದುಕೊಂಡ.

'ಹೂಂ, ಈಗ ಸುಳ್ಳು ನಂಬರು ಕಟ್ತಿದಾನೆ,' ಎಂದುಕೊಂಡ ದೊಡ್ಡಳಿಯ, ಅಳತೆ ಮುಂದುವರಿಸುತ್ತ.

"ಯಾರನ್ನಾದ್ರೂ ಕಾಯ್ತಿದೀರಾ ಸಾರ್?" ಹುಡುಗಿ ಕೇಳಿದಳು.

"ಇಲ್ವಲ್ಲ."

"ಹಾಗಾದ್ರೆ ಶೂ ನೋಡಿ ಸಾರ್. ರಸ್ತೆ ಎಲ್ಲೂ ಓಡಿಹೋಗಲ್ಲ."

ಮರುದಿನ ಆಫೀಸಿನಲ್ಲಿ ಮೇಡಂ ಮೇಜಿನ ಮುಂದೆ ನಿಂತು, ತಾನು ಅಲ್ಲಿಗೆ ಹೋಗಿದ್ದೆ ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಸುತ್ತಿ ಬಳಸಿ ಹೇಳಿದ. "ನಮ್ಮ ಷಡ್ಡಕಾನೇ, ನಾನು ಹೇಳ್ಬಾರದು. ಆದ್ರೆ ಆ ನಂಬರು ಕಂಪನಿಯವರ ಕೈಗೆ ಹೋಗೋದಲ್ವಾ ಮೇಡಂ, ನಾಳೆ ನಿಮ್ಮ ತಲೆಗೆ ಬರುತ್ತೆ. ಒಂದ್ಸಲ ಕಣ್ಣಾಡಿಸಿ."

ಮೇಡಂ ಮಾತು ಕಡಿಮೆ ಆಡುವ ಹೆಂಗಸು. ಕಂಪ್ಯೂಟರಿನತ್ತ ತಿರುಗಿ ನೋಡಿದರು. ಹುಬ್ಬು ಗಂಟಿಕ್ಕಿತು. ಷಡ್ಡಕನನ್ನು ಒಳಗೆ ಕರೆಸಿದರು.

"ಇಷ್ಟು ದಿನ ಎಂಟುನೂರು, ನಿನ್ನೆ ನಾನೂರು. ಅದೇ ಬೀದಿ, ಅದೇ ಹೊತ್ತು. ಇದೇನ್ರೀ?"

"ನನಗೂ ತಲೆಬುಡ ಗೊತ್ತಾಗ್ಲಿಲ್ಲ ಮೇಡಂ. ಎಷ್ಟು ಸಲ ಮಾಡಿದ್ರೂ ಅಷ್ಟೇ ಬಂತು. ಬಂದಿದ್ದನ್ನ ಕಳ್ಸಿದೆ."

"ನಿನ್ನೇದು ನಿಜವಾದ್ರೆ ಹಳೇದೆಲ್ಲ ಏನು?"

ದೊಡ್ಡಳಿಯ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಒಳಗೆ ತಣ್ಣಗೆ ಹಾಲು ಕುಡಿದಂತಾಗಿತ್ತು. ಕಳ್ಳ ಎಂಟುನೂರು ಬರೆಯುವವನು ನಿನ್ನೆ ಮಾತ್ರ ಯಾಕೆ ನಾನೂರು ಬರೆದ ಎಂಬ ಸಣ್ಣ ಪ್ರಶ್ನೆ ಒಂದು ಗಳಿಗೆ ಬಂತು. ಆ ಹಾಲು ಅದನ್ನು ಮುಳುಗಿಸಿತು.

"ನಾಳೆ ನೀವು ಹೋಗಿ," ಎಂದರು ಮೇಡಂ, ದೊಡ್ಡಳಿಯನಿಗೆ. "ನೀವು ತರೋ ನಂಬರೇ ಕೊನೆ. ಅದನ್ನ ನೋಡ್ಕೊಂಡು ಲೀಡರ್ ವಿಷಯಾನೂ ಶನಿವಾರ ಮುಗಿಸಿಬಿಡ್ತೀನಿ."

ಮೆಟ್ಟಿಲಿಳಿಯುವಾಗ ಷಡ್ಡಕ ಹಿಂದಿನಿಂದ ಬಂದು ಜೊತೆಯಾದ. "ಅಣ್ಣ, ಎಷ್ಟು ಬರುತ್ತೋ ಅಷ್ಟೇ ಕಳ್ಸಿ. ನನ್ನ ಮುಖ ನೋಡ್ಬೇಡಿ."

"ನಿನ್ನ ಮುಖ ಯಾಕೆ ನೋಡ್ಲಿ ನಾನು," ಎಂದ ದೊಡ್ಡಳಿಯ.

ಶುಕ್ರವಾರ ಎದೆಗೆ ಪಟ್ಟಿ ಕಟ್ಟಿಕೊಂಡು ಆ ಬೀದಿಯ ತುದಿಯಲ್ಲಿ ನಿಂತಾಗ ಬಿಸಿಲು ಆಗಲೇ ಏರಿತ್ತು. ಅಳತೆ ಹಚ್ಚಿ, ಹಿಮ್ಮಡಿ ಊರದಂತೆ ಮುಂಗಾಲಿನ ಮೇಲೆ ಭಾರ ಹಾಕಿ ನಡೆದ. ಬೀದಿ ಮುಗಿದ ಮೇಲೆ ಫೋನು ನೋಡಿದ.

ಎಂಟುನೂರ ಅರವತ್ತು.

ತಪ್ಪು ಓದಿದೆನೇನೋ ಎಂದು ಅಂಗಿಯ ತುದಿಯಿಂದ ಗಾಜು ಒರೆಸಿದ. ಎಂಟುನೂರ ಅರವತ್ತೇ. ತಿರುಗಿ ನಡೆದ, ಮತ್ತೂ ಎಂಟುನೂರರ ಮೇಲೆಯೇ. ಶೂ ಅಂಗಡಿಯ ಮುಂದೆ ಬಂದಾಗ ಕಾಲು ತಾನಾಗಿ ನಿಂತಿತು.

ಎರಡು ಅಳತೆಯ ಫೋನು ಒಂದೇ ಕಂಬದಡಿ ಹಚ್ಚಬಾರದು. ಇದು ಈ ಕೆಲಸದ ಮೊದಲ ಪಾಠ. ಒಂದು ನಲ್ಲಿಗೆ ಎರಡು ಕೊಳವೆ ಸಿಕ್ಕಿಸಿದ ಹಾಗೆ, ಇದ್ದದ್ದು ಎರಡು ಪಾಲಾಗುತ್ತದೆ. ಷಡ್ಡಕ ಸೇರಿದ ದಿನ ಇವನೇ ಅದನ್ನು ಹೇಳಿಕೊಟ್ಟಿದ್ದ. ಹಳೇ ಪೇಟೆಯಲ್ಲಿ ವರ್ಷಗಟ್ಟಲೆ ಒಬ್ಬನೇ ತಿರುಗಿದವನಿಗೆ ಆ ಪಾಠ ಬೇಕಾಗಿಯೇ ಇರಲಿಲ್ಲ. ಬುಧವಾರ ಬೀದಿಯ ಎಂಟುನೂರಲ್ಲಿ ಅರ್ಧ ಷಡ್ಡಕನ ಎದೆಗೆ ಹೋಗಿತ್ತು, ಉಳಿದರ್ಧವನ್ನು ಇವನ ಚೀಲ ಕುಡಿದಿತ್ತು. ಷಡ್ಡಕ ಎಂದೂ ಸುಳ್ಳು ಬರೆದಿರಲಿಲ್ಲ.

ಇದು ತಿಳಿದಾಗ ಅವನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಮೋಸ ಮಾಡದೆಯೂ ಎಂಟುನೂರು ತರುವವನನ್ನು ಏನು ಮಾಡಬೇಕು?

ಮಾಡುವುದೇನು ಕಷ್ಟವಿರಲಿಲ್ಲ. ಸಂಖ್ಯೆ ಇಳಿಸುವ ದಾರಿಗಳೆಲ್ಲ ಅವನಿಗೆ ಗೊತ್ತಿದ್ದವು. ಕಂಬಕ್ಕೆ ಬೆನ್ನು ಹಾಕಿ ನಿಂತರೆ ಮೈಯೇ ಅಡ್ಡವಾಗುತ್ತದೆ. ಫೋನಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿದರೆ ಇನ್ನಷ್ಟು ಇಳಿಯುತ್ತದೆ. ಬೀದಿಯ ಬದಿಯಲ್ಲಿ ಕಬ್ಬಿಣ ಹೇರಿದ ಲಾರಿಯೊಂದು ನಿಂತಿತ್ತು. ಅದರ ಮರೆಗೆ ಹೋಗಿ, ಕೈ ಮುಚ್ಚಿಕೊಂಡು, ಅಳತೆ ಹಚ್ಚಿದ. ಮುನ್ನೂರ ಹತ್ತು ಬಂತು. ಇದನ್ನು ಕಳಿಸಿದರೆ ಷಡ್ಡಕನ ಹಳೆಯ ಲೆಕ್ಕವೆಲ್ಲ ಬೂದಿ. ಕುರ್ಚಿ ಇವನದು. ಡ್ರೈವರ್ ಮೇಲಿನಿಂದ ಬಗ್ಗಿ ನೋಡಿ, "ಏನ್ ಸಾಹೇಬ್ರೇ, ಟೈರಿಗೆ ಪೂಜೆನಾ?" ಎಂದ. ದೊಡ್ಡಳಿಯ ಮರೆಯಿಂದ ಹೊರಗೆ ಬಂದ.

ಕಳಿಸುವ ಮೊದಲು ಆ ದೊಡ್ಡ ಸಂಖ್ಯೆಯನ್ನು ಇನ್ನೊಂದೇ ಸಲ ನೋಡೋಣ ಎನಿಸಿತು. ಸುಮ್ಮನೆ ನೋಡಲಿಕ್ಕೆ. ಬೀದಿಯ ನಡುವೆ ಕಂಬಕ್ಕೆ ಮುಖ ಮಾಡಿ, ಎದೆ ಸೆಟೆಸಿ ನಡೆದ. ಹಿಮ್ಮಡಿಯ ನೋವು ಮರೆತೇಹೋಯಿತು. ಫೋನು ಒಂಬೈನೂರ ಹನ್ನೊಂದು ತೋರಿಸಿತು.

ಇಷ್ಟು ದೊಡ್ಡ ಸಂಖ್ಯೆಯನ್ನು ಆಫೀಸು ಈವರೆಗೆ ಕಂಡಿರಲಿಲ್ಲ. ಷಡ್ಡಕನಿಗಂತೂ ಬಂದಿರಲೇ ಇಲ್ಲ. ಒಂಬೈನೂರ ಹನ್ನೊಂದು, ಕೆಳಗೆ ಇವನದೇ ಹೆಸರು. ಭಾನುವಾರದ ಊಟ ಕಣ್ಣ ಮುಂದೆ ಬಂತು: ಷಡ್ಡಕ ಎಂಟುನೂರು ಚಿಲ್ಲರೆ ಹೇಳುತ್ತಾನೆ, ಆಮೇಲೆ ಅತ್ತೆ ಇವನ ಕಡೆ ತಿರುಗುತ್ತಾರೆ. ಆಗ ಮುನ್ನೂರ ಹತ್ತು ಅನ್ನುವುದೇ? ಕುರ್ಚಿ ಆಫೀಸಿನೊಳಗಿರುತ್ತದೆ, ಅದನ್ನು ಯಾರು ನೋಡುತ್ತಾರೆ! ಇಷ್ಟೇ ಅವನು ಯೋಚಿಸಿದ್ದು. ಬೆರಳು ಒಂಬೈನೂರ ಹನ್ನೊಂದನ್ನು ಕಳಿಸಿಬಿಟ್ಟಿತು.

ಬಸ್ಸಿನಲ್ಲಿ ಕೂತ ಮೇಲೆ, ಮಾಡಿದ್ದೇನು ಎಂದು ತಿಳಿದು ಮುಂದಿನ ಸೀಟಿನ ಕಂಬಿಗೆ ಹಣೆ ಚಚ್ಚಿಕೊಂಡ. ಪಕ್ಕದಲ್ಲಿದ್ದ ಅಜ್ಜಿ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಶನಿವಾರ ಮೇಡಂ ಕುರ್ಚಿಯನ್ನು ಷಡ್ಡಕನಿಗೆ ಕೊಟ್ಟರು. "ಇವರ ಲೆಕ್ಕ ಸರಿ ಅಂತ ತೋರ್ಸಿಕೊಟ್ಟಿದ್ದು ನೀವು," ಎಂದು ದೊಡ್ಡಳಿಯನ ಕಡೆ ನೋಡಿ ಅಪರೂಪಕ್ಕೆ ನಕ್ಕರು. "ಬೇರೆ ಯಾರಾದ್ರೂ ಆಗಿದ್ರೆ ಹೊಟ್ಟೆಕಿಚ್ಚಿಗೆ ಕಡಿಮೆ ಮಾಡಿ ಕಳಿಸ್ತಿದ್ರು."

"ಛೆ ಛೆ," ಎಂದ ದೊಡ್ಡಳಿಯ.

ಭಾನುವಾರ ಅತ್ತೆ ಎಷ್ಟು ಬಂತು ಎಂದು ಕೇಳಲೇ ಇಲ್ಲ. ಅವರಿಗೆ ಕುರ್ಚಿಯದೇ ಧ್ಯಾನ.

"ತಿರುಗೋ ಕುರ್ಚಿನಾ?"

"ತಿರುಗುತ್ತೆ ಅತ್ತೆ. ಚಕ್ರಾನೂ ಇದೆ."

"ಜಾರಿಗೀರಿ ಬಿದ್ದೀರಿ, ಹುಷಾರು."

ದೊಡ್ಡಳಿಯ ಕಾದ. ಯಾರೂ ಕೇಳದಿದ್ದಾಗ ತಾನೇ ಹೇಳಿದ. "ನನಗೀ ವಾರ ಒಂಬೈನೂರ ಹನ್ನೊಂದು ಬಂತು, ಅತ್ತೆ."

"ಹೌದಾ? ನೋಡಿ, ನಾನು ಹೇಳಿರ್ಲಿಲ್ವಾ," ಎಂದರು ಅತ್ತೆ. ನಂತರ ಚಿಕ್ಕಳಿಯನ ಕಡೆ ತಿರುಗಿ, "ಮೇಜಿಗೆ ಡ್ರಾಯರ್ ಇದೆಯಾ?" ಎಂದರು.

ನಾದಿನಿ ನೀರು ಹಾಕುತ್ತ, "ಭಾವ ಇಲ್ದಿದ್ರೆ ಇವರ ಕೆಲಸಾನೇ ಹೋಗ್ತಿತ್ತಮ್ಮ," ಎಂದಳು. ಹೆಂಡತಿ ಗಂಡನನ್ನು ಒಂದು ಥರ ನೋಡಿದಳು. ಕಂಬದ ಬುಡದ ಕಥೆ ಅವಳಿನ್ನೂ ಮರೆತಿರಲಿಲ್ಲ.

"ನನಗೆ ಅರ್ಥವಾಗದಿದ್ದಿದ್ದು ಬುಧವಾರದ್ದೊಂದೇ," ಎಂದ ಷಡ್ಡಕ. "ಅವತ್ತು ಮಾತ್ರ ಯಾಕೆ ಅರ್ಧ ಆಯ್ತು ಅಂತ ಮೂರು ದಿನ ತಲೆ ಕೆಡಿಸ್ಕೊಂಡೆ. ಆಮೇಲೆ ಹೊಳೀತು. ಹತ್ತಿರದಲ್ಲಿ ಯಾರೋ ಕೂತು ಫೋನಲ್ಲಿ ಸಿನಿಮಾ ನೋಡ್ತಿರ್ಬೇಕು. ಅದೇ ಎಳ್ಕೊಂಡಿದೆ."

ಮಾವ ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಯಾವ ಯಂತ್ರದ ಮಾತು ಬಂದರೂ ತಲೆದೂಗುವ ಅಭ್ಯಾಸ. "ಭೇಷ್," ಎಂದರು. "ಮೂಲ ಹಿಡಿದುಬಿಟ್ರಿ ನೋಡಿ. ಇದಕ್ಕೇ ಕುರ್ಚಿ ಕೊಟ್ಟಿದ್ದು ನಿಮಗೆ."

ದೊಡ್ಡಳಿಯ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಕುರ್ಚಿ ಹೋದದ್ದು, ಅತ್ತೆ ಕೇಳದೇ ಇದ್ದದ್ದು ಎಲ್ಲ ಒಂದು ತೂಕವಾದರೆ, ಈ ತಪ್ಪು ಉತ್ತರಕ್ಕೆ ಸಿಕ್ಕ ಭೇಷ್ ಒಂದು ತೂಕ.

"ಸಿನಿಮಾ ಅಂತೆ ಸಿನಿಮಾ!" ಎಂದ. "ಮಾವ, ಸಿನಿಮಾ ನೋಡೋ ಫೋನು ಎಷ್ಟು ಎಳೆಯುತ್ತೆ, ಹತ್ತೋ ಇಪ್ಪತ್ತೋ. ಎಂಟುನೂರರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇಡೀ ಬೀದಿ ಸಿನಿಮಾ ನೋಡಿದ್ರೂ ಹೀಗೆ ಗೆರೆ ಎಳೆದ ಹಾಗೆ ಅರ್ಧ ಆಗಲ್ಲ. ಕಲ್ಸಿದೀನಲ್ಲ ಇವನಿಗೆ, ಮರ್ತಿದಾನೆ. ಸರಿಯಾಗಿ ಅರ್ಧ ಆಗ್ಬೇಕಾದ್ರೆ ನಮ್ಮಂಥದ್ದೇ ಅಳತೆ ಫೋನು ಇನ್ನೊಂದು ಅಲ್ಲೇ ಪಕ್ಕದಲ್ಲಿ ಓಡ್ತಿರ್ಬೇಕು. ಅದೂ ಒಂದ್ಸಲ ಅಲ್ಲ, ಅವನು ಅಳೆದಷ್ಟು ಹೊತ್ತೂ."

ಇಡೀ ಊಟದಲ್ಲಿ ಮೊದಲ ಬಾರಿಗೆ ಎಲ್ಲರೂ ಅವನ ಮಾತು ಕೇಳುತ್ತಿದ್ದರು. ಮಾವ ಜೋರಾಗಿ ತಲೆದೂಗಿದರು.

"ಓಹೋ! ಅಂಥ ಫೋನು ಊರಲ್ಲಿ ಎಷ್ಟಿವೆ?"

ದೊಡ್ಡಳಿಯ ನೀರಿನ ಲೋಟಕ್ಕೆ ಕೈ ಹಾಕಿದ.

"ಎರಡು," ಎಂದ ಷಡ್ಡಕ. ಅವನ ಕೈ ತಟ್ಟೆಯಲ್ಲೇ ನಿಂತಿತ್ತು. "ನಂದೊಂದು."

ಮಾವನಿಗೆ ಅದು ಮುಟ್ಟಲಿಲ್ಲ, ಅತ್ತೆಗೂ ಮುಟ್ಟಲಿಲ್ಲ. ಹೆಂಡತಿಗೆ ಮುಟ್ಟಿತು. ಅವಳು ತಟ್ಟೆಯನ್ನು ನೋಡುತ್ತ ಕಲಸಿದ್ದನ್ನೇ ಕಲಸತೊಡಗಿದಳು. ದೊಡ್ಡಳಿಯ ಷಡ್ಡಕನ ಬಾಯನ್ನೇ ನೋಡುತ್ತ ಕೂತ. ಅದರಿಂದ ಈಗ ಬರುವ ಮಾತು ಈ ಮನೆಯಲ್ಲಿ ವರ್ಷಗಟ್ಟಲೆ ಉಳಿಯುವಂಥದು.

"ಬೇರೆ ಊರಿನವರೂ ಬರ್ತಿರ್ತಾರೆ ಬಿಡಿ ಮಾವ, ಅಳೆಯೋಕೆ," ಎಂದ ಷಡ್ಡಕ. "ಅಣ್ಣ ಹೇಳಿದ್ದು ಸರಿ. ನಾನೇ ಮರ್ತಿದ್ದೆ."

ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ಷಡ್ಡಕನೂ ಹಿಂದೆಯೇ ಬಂದ. ದೊಡ್ಡಳಿಯ ಬೆರಳುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿದ. ಬೈಯಲಿ, ಕಾಲರ್ ಹಿಡಿಯಲಿ ಎಂದು ಕಾಯುತ್ತಿದ್ದ. ಬೈದರೆ ತಿರುಗಿ ಬೈಯಲು ಬೇಕಾದಷ್ಟು ಸಾಮಾನು ಇವನ ಹತ್ತಿರವಿತ್ತು.

"ನಾಳೆಯಿಂದ ಹೊಸ ಬಡಾವಣೆ ನೀವು ನೋಡ್ಕೊಳ್ಳಿ, ಅಣ್ಣ," ಎಂದ ಷಡ್ಡಕ. "ಹಳೇ ಪೇಟೆಗೆ ಹೊಸಬ ಬರ್ತಾನೆ. ಬಡಾವಣೇಲಿ ಬಿಸಿಲು ಜಾಸ್ತಿ, ಟೋಪಿ ತಗೊಂಡು ಹೋಗಿ."

ಆ ಧ್ವನಿಯಲ್ಲಿ ಚುಚ್ಚು ಎಲ್ಲಾದರೂ ಇದೆಯೇ ಎಂದು ದೊಡ್ಡಳಿಯ ಹುಡುಕಿದ. ಸಿಗಲಿಲ್ಲ.

"ಟೋಪಿ ನನ್ನ ಹತ್ರ ಇದೆ," ಎಂದ ಅವನು ಬಿರುಸಾಗಿ. ಇರಲಿಲ್ಲ.